ಮೂವತ್ತಕ್ಕೇ ಬೂಟು ಕಳಚಿದವರು

1968-69ರ ರಣಜಿ ಫೈನಲ್ ನಮ್ಮ ಬ್ರೆಬೋರ್ನ್ ಮೈದಾನದಲ್ಲಿ ನಡೆಯಿತು. ಮುಂಬಯಿ ಸತತ 15 ವರ್ಷ ಆ ಟ್ರೋಫಿಯನ್ನು ಬೇರೆಯವರ ಕೈಗೆ ಕೊಡದ ಕಾಲ ಅದು. ಎದುರಿಗಿದ್ದ ಬಂಗಾಳ ತಂಡದ ಒಬ್ಬ ಬ್ಯಾಟ್ಸ್‌ಮನ್ ಮೊದಲ ಇನಿಂಗ್ಸ್‌ನಲ್ಲಿ 96, ಎರಡನೆಯದರಲ್ಲಿ 84 ರನ್ ಹೊಡೆದರು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕಪ್ಪು ಮುಂಬಯಿಗೇ ಬಂತು, ಆ ಮಾತು ಬೇರೆ. ಹಾಗೆ ಆಡಿದವರು ಹಿಂದಿನ ವರ್ಷವಷ್ಟೇ ಮೋಹನ್ ಬಾಗಾನ್‌ನ ಫುಟ್‌ಬಾಲ್ ಅಂಗಿ ಕಳಚಿಟ್ಟಿದ್ದ ಸುಬಿಮಲ್ ಗೋಸ್ವಾಮಿ. ಎಲ್ಲರ ಬಾಯಲ್ಲಿ ಚುನಿ.

ಎರಡು ಆಟ ಆಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಒಂದೇ ಶೈಕ್ಷಣಿಕ ವರ್ಷದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಫುಟ್‌ಬಾಲ್, ಕ್ರಿಕೆಟ್ ತಂಡಗಳೆರಡಕ್ಕೂ ನಾಯಕನಾಗುವುದು ತಮಾಷೆಯಲ್ಲ. ಎಂಟನೇ ವಯಸ್ಸಿಗೇ ಮೋಹನ್ ಬಾಗಾನ್‌ನ ಕಿರಿಯರ ತಂಡ ಸೇರಿದ ಹುಡುಗ ಕಾಲೇಜು ಬಿಡಲಿಲ್ಲ, ಕ್ಲಬ್ಬನ್ನೂ ಬದಲಿಸಲಿಲ್ಲ. ಅವರ ಆಟ ಕಂಡವರು ಮೊದಲು ಹೇಳುವುದು ಚೆಂಡಿನ ಹಿಡಿತದ ಬಗ್ಗೆ. ಮಳೆಗಾಲದ ಕೆಸರಿನಲ್ಲೂ ಚೆಂಡು ಬೂಟಿಗೆ ಅಂಟಿದಂತಿರುತ್ತಿತ್ತಂತೆ. ಭುಜ ಒಂದು ಕಡೆ ವಾಲಿದರೆ ಡಿಫೆಂಡರ್ ಆ ಕಡೆ ಭಾರ ಹಾಕುತ್ತಾನೆ. ಅವನು ಕಾಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಚುನಿ ಇನ್ನೊಂದು ಕಡೆಯಿಂದ ಹೋಗಿಬಿಟ್ಟಿರುತ್ತಿದ್ದರು. ಹೋಗುವಾಗ ಆತುರವೂ ಇಲ್ಲ.

1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರೇ ನಾಯಕ. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಎರಡು ಗೋಲು ಅವರದೇ. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ. ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಆಮೇಲೆ ನಮಗೆ ಸಿಕ್ಕೇ ಇಲ್ಲ.

1964ರಲ್ಲಿ ಏಷ್ಯಾ ಕಪ್‌ನ ರನ್ನರ್ಸ್ ಅಪ್ ಆದರು. ಅದೇ ವರ್ಷ, ಇನ್ನೂ 27 ತುಂಬಿರದ ನಾಯಕ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಬೇಗ ಬಿಟ್ಟರೆಂಬ ದೂರು ನನಗೂ ಇದೆ. ಆದರೂ ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲವಲ್ಲ! 1966ರಲ್ಲಿ ಇಂದೋರ್‌ನಲ್ಲಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ಎದುರು ಒಂದೇ ಪಂದ್ಯದಲ್ಲಿ 8 ವಿಕೆಟ್ ಕಿತ್ತರು. ಇನಿಂಗ್ಸ್ ಸೋಲುಂಡದ್ದು ವೆಸ್ಟ್ ಇಂಡೀಸ್. 1971-72ರಲ್ಲಿ ಬಂಗಾಳವನ್ನು ನಾಯಕನಾಗಿ ಮತ್ತೊಮ್ಮೆ ರಣಜಿ ಫೈನಲ್‌ಗೆ ತಂದರು, ಮತ್ತೊಮ್ಮೆ ಮುಂಬಯಿಗೇ ಸೋತರು. ನಡುವೆ ಟೆನಿಸ್, ಒಂದು ಬಂಗಾಳಿ ಸಿನಿಮಾ, ಸ್ಟೇಟ್ ಬ್ಯಾಂಕ್ ನೌಕರಿ. 2005ರಲ್ಲಿ ಕೋಲ್ಕತ್ತದ ಶೆರಿಫ್.

ಈ ಯಾದಿಯಲ್ಲಿ ನನ್ನ ಕಣ್ಣು ನಿಲ್ಲುವುದು ಬ್ಯಾಂಕ್ ನೌಕರಿಯ ಮೇಲೆ. ಶಹಾಡ್‌ನಲ್ಲಿ ಸೆಂಚುರಿ ರೇಯಾನ್ ಕಾರ್ಖಾನೆಯ ಪಾಳಿಯ ಲೆಕ್ಕದಲ್ಲೇ ಮಕ್ಕಳನ್ನು ಬೆಳೆಸಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಬಯಿ ಫುಟ್‌ಬಾಲನ್ನು ಸಾಕಿದ್ದೇ ಕಂಪನಿಗಳು: ಟಾಟಾ, ಮಫತ್‌ಲಾಲ್, ಕಾಲ್ಟೆಕ್ಸ್, ಓರ್ಕೆ ಮಿಲ್. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ. ಸಂಬಳ ಸಾಧಾರಣ, ಆದರೆ ಮೊಣಕಾಲು ಕೈಕೊಟ್ಟರೂ ಮೇಜು ಕುರ್ಚಿ ಇರುತ್ತಿತ್ತು. ಮುಂಬಯಿಯ ಕೂಪರೇಜ್ ಮೈದಾನದಲ್ಲಿ ಆಡುವವನು ಸೋಲಿಗೆ ಹೆದರುತ್ತಿದ್ದನೇ ಹೊರತು ಮೂವತ್ತನೇ ಹುಟ್ಟುಹಬ್ಬಕ್ಕಲ್ಲ. ನೌಕರಿಯಂತೆ ಓದೂ ಆಸರೆಯಾಗುತ್ತಿತ್ತು: ಚುನಿಗಿಂತ ಮುಂಚೆ ಅದೇ ಮೋಹನ್ ಬಾಗಾನ್‌ನಲ್ಲಿ ಆಡಿ, 1948ರ ಲಂಡನ್ ಒಲಿಂಪಿಕ್ಸ್‌ಗೆ ಭಾರತದ ನಾಯಕರಾಗಿ ಹೋಗಿದ್ದ ತಾಲಿಮೆರೆನ್ ಆವ್ ಮೆಡಿಕಲ್ ಓದು ಮುಗಿಸಿ, ನಾಗಾಲ್ಯಾಂಡ್‌ನಲ್ಲಿ ಡಾಕ್ಟರಿಕೆ ಮಾಡಿದರು.

1980ರ ದಶಕದ ಕೊನೆಗೆ ಚುನಿ ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯ ನಿರ್ದೇಶಕರಾದರು. ಕಾಲೇಜಿನ ಹುಡುಗರನ್ನು ಕಾಯದೆ, ಮೀಸೆ ಮೂಡುವ ಮೊದಲೇ ಆರಿಸಿ ಸಾಕುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಅಲ್ಲಿಂದ. ನಮ್ಮ ಕಾರ್ಲ್ಟನ್ ಚಾಪ್ಮನ್ ಆ ಅಕಾಡೆಮಿಯಲ್ಲೇ ಪಳಗಿದವರು. 1993ರಲ್ಲಿ ಈಸ್ಟ್ ಬೆಂಗಾಲ್ ಇರಾಕಿನ ಅಲ್ ಜವ್ರಾವನ್ನು 6-2ರಿಂದ ಮಣಿಸಿದಾಗ ಹ್ಯಾಟ್ರಿಕ್ ಅವರದು. ಮಿಡ್‌ಫೀಲ್ಡ್‌ನಲ್ಲಿ ಅವರ ಪಾಸಿಂಗ್‌ನ ಸೊಗಸನ್ನು ಸರಿಗಟ್ಟುವವರು ಆಗ ಕಡಿಮೆ. ಆಟ ಮುಗಿದ ಮೇಲೆ ಅವರಿಗೆ ಉಳಿದದ್ದು ಕೋಚಿಂಗ್, ಇಂದು ಒಂದು ಊರು, ನಾಳೆ ಇನ್ನೊಂದು. 2020ರ ಏಪ್ರಿಲ್ 30ರಂದು ಚುನಿ ಹೋದರು, 82 ವರ್ಷ. ಅದೇ ವರ್ಷದ ಅಕ್ಟೋಬರ್ 12ರಂದು ಚಾಪ್ಮನ್, ಬರೀ 49.

ಮಫತ್‌ಲಾಲ್, ಓರ್ಕೆ ತಂಡಗಳು ಮುಚ್ಚಿ ಎಷ್ಟೋ ಕಾಲವಾಯಿತು. ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವ ರೈಲ್ವೆಯಂಥ ಒಂದೆರಡು ಬಾಗಿಲು ಮಾತ್ರ ಇನ್ನೂ ತೆರೆದಿವೆ, ಅಲ್ಲೂ ಸರ್ಟಿಫಿಕೇಟು ಕೇಳುತ್ತಾರೆ. ಅದಕ್ಕೇ, ಮಗನನ್ನು ಯಾವ ಅಕಾಡೆಮಿಗೆ ಸೇರಿಸಲಿ ಎಂದು ಕೇಳುವವರಿಗೆ ನಾನು ಕಲ್ಯಾಣದ ಕಾಲೇಜುಗಳ ಹೆಸರು ಹೇಳುತ್ತೇನೆ, ವಿಶ್ವವಿದ್ಯಾಲಯ ತಂಡದ ಆಯ್ಕೆ ಯಾವಾಗ ಎಂದೂ ವಿಚಾರಿಸಿ ಎನ್ನುತ್ತೇನೆ. ಹೆಚ್ಚಿನವರಿಗೆ ಈ ಉತ್ತರ ರುಚಿಸುವುದಿಲ್ಲ.