ಗೊತ್ತಿರುವ ಕಥೆಗೆ ಮತ್ತೆ ಅಳುವುದೇಕೆ?

‘ಸಂಗ್ಯಾ-ಬಾಳ್ಯಾ’ ಸಣ್ಣಾಟ ನೋಡಲು ಕುಳಿತವರಿಗೆ ಸಂಗ್ಯಾ ಉಳಿಯುವುದಿಲ್ಲವೆಂಬುದು ಮೊದಲೇ ಗೊತ್ತಿರುತ್ತದೆ. ಬೈಲಹೊಂಗಲದ ಈ ಕಥೆ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಮನೆಮಾತು. ಆದರೂ ಗೆಳೆಯನೇ ಗೆಳೆಯನಿಗೆ ಎರಡು ಬಗೆಯುವ ಹೊತ್ತಿಗೆ ಜನರ ಉಸಿರು ಬಿಗಿಯುತ್ತದೆ, ಕೊಲೆಯಾದಾಗ ಕಣ್ಣು ತುಂಬುತ್ತವೆ. ಮುಂದೇನಾಗುವುದೋ ಎಂಬ ಕುತೂಹಲವೇ ಉದ್ವೇಗದ ಮೂಲವೆಂದು ತಿಳಿದಿರುವ ನಮಗೆ ಇದು ಒಗಟೇ ಸರಿ.

ದುರಂತ ನಾಟಕವು ಕರುಣೆ ಮತ್ತು ಭಯಗಳನ್ನು ಕೆರಳಿಸಿ ಮನಸ್ಸನ್ನು ಶುದ್ಧಿಗೊಳಿಸುತ್ತದೆ ಎಂಬ ಅರಿಸ್ಟಾಟಲನ ಮಾತು ನಮ್ಮ ವಿಮರ್ಶಕರಿಗೆಲ್ಲ ಬಾಯಿಪಾಠ. ಇದನ್ನು ಒಂದು ಬಗೆಯ ಭೇದಿ ಔಷಧಿಯಂತೆ ವಿವರಿಸುವವರೇ ಹೆಚ್ಚು. ಅಷ್ಟೇ ಆಗಿದ್ದರೆ ಮೂಲೆಯಲ್ಲಿ ಕುಳಿತು ಒಬ್ಬರೇ ಅತ್ತರೂ ಸಾಕಿತ್ತಲ್ಲವೆ?

ಇನ್ನೊಂದು ಉತ್ತರ ಸಂಶಿ-ಕುಂದಗೋಳದ ಆಸುಪಾಸಿನಲ್ಲೇ ಇದೆ. ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು (1886-1952) ಕುಂದಗೋಳದವರು. ಭೀಮಸೇನ ಜೋಶಿ ಅವರು ಈ ಗುರುಗಳ ಬಳಿಯೇ ಉಳಿದು ಕಲಿತರು; ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗಿ ಕಲಿತರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಗೀರ ವಾಡೆಯಲ್ಲಿ ಬೆಳಗಿನವರೆಗೂ ಸಂಗೀತ ನಡೆದು ಬಂದಿದೆ. ಕಿರಾಣಾ ಘರಾಣೆಯ ವಿಲಂಬಿತ ಖ್ಯಾಲನ್ನು ಕೇಳಿದವರಿಗೆ ಇದರ ಗುಟ್ಟು ಗೊತ್ತು. ಏಕತಾಲದ 12 ಮಾತ್ರೆಗಳ ಒಂದು ಆವರ್ತನ ಮುಗಿಯಲು ಸುಮಾರು ಒಂದು ನಿಮಿಷವೇ ಹಿಡಿಯಬಹುದು. ಗಾಯಕರು ಒಂದೊಂದೇ ಸ್ವರ ಹಿಡಿದು ದೂರ ದೂರ ಅಲೆಯುತ್ತಾರೆ. ಆವರ್ತನ ತೀರುತ್ತ ಬಂದಂತೆ ಕೇಳುಗರ ಬೆನ್ನು ನೆಟ್ಟಗಾಗುತ್ತದೆ. ಮುಖಡಾ ಬಂದು ‘ಸಮ್’ ಬಿದ್ದೊಡನೆ ಎಲ್ಲರ ತಲೆಗಳೂ ಒಟ್ಟಿಗೆ ಬಾಗಿ ‘ವಾಹ್’ ಎನ್ನುತ್ತಾರೆ. ಸಮ್ ಎಲ್ಲಿದೆಯೆಂಬುದು ಎಲ್ಲರಿಗೂ ತಿಳಿದದ್ದೇ. ಅದು ಬಂದೇ ಬರುತ್ತದೆಂಬ ಖಾತ್ರಿಯಿಂದಲೇ ಅಷ್ಟು ದೂರ ಅಲೆಯುವ ಧೈರ್ಯ ನಮಗೂ ಬರುತ್ತದೆ.

ನಿರೀಕ್ಷೆಯನ್ನು ತಡೆದು ಹಿಡಿದಾಗಲೇ ಸಂಗೀತದಲ್ಲಿ ಭಾವ ಹುಟ್ಟುತ್ತದೆಂದು ಅಮೆರಿಕದ ಲಿಯೊನಾರ್ಡ್ ಮೇಯರ್ 1956ರಲ್ಲಿ ವಾದಿಸಿದರು. ವಾದ ಸರಿಯೇ. ಆದರೆ ತಡೆದು ನಿಲ್ಲಿಸುವವನ ಮೇಲೆ ನಮಗೆ ನಂಬಿಕೆಯೂ ಇರಬೇಕು.

ಮೊಹರಂನ ರಿವಾಯತ್ ಪದಗಳನ್ನು ನೋಡಿ. ಈ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತ ಬಂದವು ಇವು. (ಆಚರಣೆಯ ಸರಿ-ತಪ್ಪು ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ.) ಕ್ರಿ.ಶ. 680ರ ಕರ್ಬಲಾದಲ್ಲಿ ಹಜ್ರತ್ ಹುಸೇನರ ಪರಿವಾರಕ್ಕೆ ನೀರು ಸಿಗುವುದಿಲ್ಲ. ಎಷ್ಟು ಸಲ ಹಾಡಿದರೂ ಸಿಗುವುದಿಲ್ಲ. ಕಥೆಯೊಳಗೆ ಬಿಡುಗಡೆಯೆಂಬುದೇ ಇಲ್ಲ. ಅದು ಸಿಗುವುದು ಮುಂದಿನವನ ಸೊಲ್ಲನ್ನು ಮೇಳವೆಲ್ಲ ಒಂದೇ ದನಿಯಲ್ಲಿ ಎತ್ತಿಕೊಂಡಾಗ. ಮನೆಯ ಸಾವಿಗೋ ಬ್ಯಾಂಕಿನ ಸಾಲಕ್ಕೋ ಕೈಕೊಟ್ಟ ಮಳೆಗೋ ನಾಲ್ಕು ಜನರೆದುರು ಅಳಲಾರದ ರೈತ ಹುಸೇನರ ದಾಹಕ್ಕೆ ಅಳಬಲ್ಲ. ಯಾಕೆ ಅಳುತ್ತೀ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅತ್ತು ಮುಗಿಸಿ ಅವರ ಜೊತೆಯಲ್ಲೇ ಮನೆಗೆ ನಡೆಯುತ್ತಾನೆ.

ಟಿವಿ ಧಾರಾವಾಹಿಗಳು ಕಲಿತಿರುವುದು ಬಿಗಿಯುವ ಅರ್ಧವನ್ನು ಮಾತ್ರ. ಅತ್ತೆ ವಿಷದ ಲೋಟ ಎತ್ತಿದೊಡನೆ ಮೂರು ಸಲ ಗುಡುಗಿನ ಸದ್ದು, ನಂತರ ‘ಮುಂದುವರಿಯುವುದು’. ಮರುದಿನ ಲೋಟ ಕೈಜಾರಿ ಒಡೆಯುತ್ತದೆ, ಅಷ್ಟರಲ್ಲಿ ಇನ್ನೊಂದು ಲೋಟ ಸಿದ್ಧ. ಇಲ್ಲಿ ತಾಳವೂ ಇಲ್ಲ, ಸಮ್ಮೂ ಇಲ್ಲ. ನೋಡುವವರೂ ಒಬ್ಬೊಬ್ಬರೇ, ಅಡುಗೆ ಕೆಲಸದ ನಡುವೆ. ಎಂಟುನೂರು ಕಂತು ಹೀಗೆ ಎಳೆದು, ವೀಕ್ಷಕರ ಸಂಖ್ಯೆ ಇಳಿದಾಗ ಎರಡೇ ಕಂತಿನಲ್ಲಿ ಎಲ್ಲರ ಮದುವೆ ಮಾಡಿಸಿ ಅಂಗಡಿ ಮುಚ್ಚುತ್ತಾರೆ.