ಕಥನದ ವ್ಯಾಕರಣ ಮತ್ತು ಮಿಶ್ರ ಕಲಿಕೆ: ರಾಯಚೂರಿನ ಮೂರು ತಾಲ್ಲೂಕುಗಳ ನೆಲೆಯಿಂದ

ಮಕ್ಕಳ ಇಂಗ್ಲಿಷ್ ಕಲಿಕೆಗೆ ಡಿಜಿಟಲ್ ಕಥನವನ್ನು ಸೂಚಿಸುವ ವಾದಗಳು ಚಿತ್ರ, ಧ್ವನಿಗಳ ಆಕರ್ಷಣೆಯನ್ನು ಮುಂದಿಡುತ್ತವೆ. ಕಥನದ ವ್ಯಾಕರಣವನ್ನು ಮರೆಯುತ್ತವೆ. ಈ ಮರೆವನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಭಾಷಿಕ ಪರಿಸರದಲ್ಲಿಟ್ಟು ಪರಿಶೀಲಿಸುತ್ತೇವೆ.

‘ಕಾಗಿ ಹಾರಿ ಹೋಗಿ ರೊಟ್ಟಿ ತಗೊಂಡು ಬಂತು’ ಎಂಬ ವಾಕ್ಯದಲ್ಲಿ ಪೂರ್ಣಕ್ರಿಯಾಪದ ಒಂದೇ, ಉಳಿದವು ಕೃದಂತಾವ್ಯಯಗಳು. ಇದೇ ಘಟನಾಸರಣಿಯನ್ನು ಇಂಗ್ಲಿಷ್ ಸಾಮಾನ್ಯವಾಗಿ ‘ಫ್ಲ್ಯೂ’, ‘ಟುಕ್’, ‘ಕೇಮ್’ ಎಂಬ ಪೂರ್ಣಕ್ರಿಯಾಪದಗಳನ್ನು ‘ಆ್ಯಂಡ್’ನಿಂದ ಜೋಡಿಸಿ ಹೇಳುತ್ತದೆ. ಮಗು ‘ಗೋಯಿಂಗ್ ಟೇಕಿಂಗ್ ಕೇಮ್’ ಎಂದರೆ ಅದು ತನ್ನ ಕಥನಕ್ರಮವನ್ನೇ ಇಂಗ್ಲಿಷಿಗೆ ಒಯ್ಯುತ್ತಿದೆ. ಪದಸಂಪತ್ತನ್ನಷ್ಟೇ ಅಳೆಯುವ ಪೂರ್ವ ಮತ್ತು ಉತ್ತರ ಪರೀಕ್ಷೆಗಳಿಗೆ ಈ ಸಾಮರ್ಥ್ಯ ಕಾಣಿಸುವುದಿಲ್ಲ. ಮೊದಲ ಭಾಷೆಯ ಸಾಮರ್ಥ್ಯ ಎರಡನೆಯದಕ್ಕೆ ಆಧಾರವಾಗುತ್ತದೆಂಬ ಕಮಿನ್ಸ್ ಅವರ 1979ರ ಪ್ರಾಕ್ಕಲ್ಪನೆ ಇಲ್ಲಿ ಪ್ರಸ್ತುತ.

ಈ ಭಾಗದಲ್ಲಿ ಮೊದಲ ಭಾಷೆ ಕನ್ನಡವೊಂದೇ ಅಲ್ಲವೆಂಬ ಆಕ್ಷೇಪ ಏಳಬಹುದು. ಸಿಂಧನೂರಿನ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ, ತುಂಗಭದ್ರಾ ನೀರಾವರಿ ಪ್ರದೇಶದ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಆದರೆ ಇಂಥ ಕೃದಂತ ಸರಣಿ ದಕ್ಷಿಣ ಏಷ್ಯಾದ ಸಮಾನ ಲಕ್ಷಣವೆಂದು ಮಾಸಿಕಾ 1976ರಲ್ಲಿಯೇ ಗುರುತಿಸಿದ್ದಾರೆ. ಆದ್ದರಿಂದ ಇಂಗ್ಲಿಷಿನೊಡನೆ ಮಾಡುವ ಒಂದೇ ಹೋಲಿಕೆ ಇಡೀ ತರಗತಿಗೆ ಉಪಯುಕ್ತ.

ಸಾಧನಗಳ ಅಭಾವವೂ ಇಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ವೇದಿಕೆಯಲ್ಲಿ ಮಕ್ಕಳ ಕಥೆಗಳು ಹಲವು ಭಾಷೆಗಳಲ್ಲಿ ಮುಕ್ತವಾಗಿ ದೊರೆಯುತ್ತವೆ. ಬದಲಾಗಬೇಕಾದದ್ದು ಬೋಧನೆಯ ಕ್ರಮ: ಮಗು ಮೊದಲು ಮನೆಮಾತಿನಲ್ಲಿ ಕಥೆ ಹೇಳಲಿ, ಅದು ಮೊಬೈಲಿನಲ್ಲಿ ಧ್ವನಿಮುದ್ರಣಗೊಳ್ಳಲಿ, ಇಂಗ್ಲಿಷ್ ನಿರೂಪಣೆ ಅದರೊಡನೆ ಹೋಲಿಕೆಯಾಗಿ ಬರಲಿ. ಮನೆಮಾತನ್ನು ಹೊರಗಿಟ್ಟ ಕಲಿಕೆಯನ್ನು ‘ಮಿಶ್ರ’ವೆಂದು ಕರೆಯಲು ನಾವು ಹಿಂಜರಿಯುತ್ತೇವೆ.