ಮಿಲ್ಲನ ಸ್ವಾತಂತ್ರ್ಯವೂ ಅದರ ಹೊಸ್ತಿಲೂ

ಜಾನ್ ಸ್ಟುವರ್ಟ್ ಮಿಲ್ಲನ ‘ಆನ್ ಲಿಬರ್ಟಿ’ 1859ರಲ್ಲಿ ಪ್ರಕಟವಾದ ಚಿಕ್ಕ ಗ್ರಂಥ. ಅದನ್ನು ಕನ್ನಡದಲ್ಲಿ ವಿವರಿಸಹೊರಟವನಿಗೆ ಮೊದಲ ತೊಡಕು ಹೆಸರಿನಲ್ಲಿಯೇ ಇದೆ. ‘ಸ್ವಾತಂತ್ರ್ಯ’ ಎಂದೊಡನೆ ನಮಗೆ ನೆನಪಾಗುವುದು 1947; ಪರರ ಆಳ್ವಿಕೆ ತೊಲಗಿದ ಸಂಗತಿ. ಮಿಲ್ಲನ ವಿಷಯ ಅದಲ್ಲ. ಆಳುವವರು ನಮ್ಮವರೇ ಆದ ಮೇಲೂ, ನಾವೇ ಆರಿಸಿದವರಾದ ಮೇಲೂ, ಒಬ್ಬ ವ್ಯಕ್ತಿಯ ಮೇಲೆ ಸಮಾಜಕ್ಕಿರುವ ಅಧಿಕಾರದ ಎಲ್ಲೆ ಯಾವುದು ಎಂಬುದು ಅವನ ಪ್ರಶ್ನೆ. ಇತರರಿಗೆ ಹಾನಿಯಾಗದಂತೆ ತಡೆಯಲು ಮಾತ್ರ ಬಲಪ್ರಯೋಗ ಸಲ್ಲುತ್ತದೆ. ‘ನಿನ್ನ ಒಳ್ಳೆಯದಕ್ಕೇ’ ಎಂದು ಯಾರನ್ನೂ ಬಲಾತ್ಕರಿಸುವಂತಿಲ್ಲ.

ಈ ಬಲಾತ್ಕಾರ ಪೊಲೀಸಿನವನ ಲಾಠಿಯಿಂದಲೇ ಬರಬೇಕಾಗಿಲ್ಲ. ‘ನಾಲ್ಕು ಜನ ಏನೆಂದಾರು?’ ಎಂದು ನಾವು ಅಂಜುತ್ತೇವಲ್ಲ (ಆ ನಾಲ್ವರು ಯಾರೆಂದು ಯಾರೂ ವಿಚಾರಿಸಿದಂತಿಲ್ಲ), ಅಂಥ ಅಂಜಿಕೆಯನ್ನು ಮಿಲ್ಲನು ರಾಜಕೀಯ ದಬ್ಬಾಳಿಕೆಯ ಹಲವು ಬಗೆಗಳಿಗಿಂತ ಭಯಂಕರವೆಂದೆಣಿಸಿದನು.

ಗ್ರಂಥದ ತಿರುಳಿರುವುದು ಎರಡನೆಯ ಅಧ್ಯಾಯದಲ್ಲಿ. ನಾವು ಬಾಯಿ ಮುಚ್ಚಿಸಿದ ಅಭಿಪ್ರಾಯ ಸತ್ಯವಾಗಿರಬಹುದು, ಅರ್ಧಸತ್ಯವಾಗಿರಬಹುದು. ಶುದ್ಧ ಸುಳ್ಳೇ ಆಗಿದ್ದರೂ ಅದರೊಡನೆ ಹೆಣಗದ ಸತ್ಯ ಬರಿಯ ಬಾಯಿಪಾಠವಾಗುತ್ತದೆ. ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮುಂದಿಟ್ಟ ಮೇಲಷ್ಟೇ ಸಿದ್ಧಾಂತಕ್ಕೆ ತೊಡಗುತ್ತಿದ್ದರು. ಆದರೆ ಅಲ್ಲಿ ಪೂರ್ವಪಕ್ಷವನ್ನು ಬರೆಯುವವನೂ ಸಿದ್ಧಾಂತಿಯೇ. ಅಷ್ಟು ಸಾಲದು, ಆ ಮತವನ್ನು ನಿಜವಾಗಿ ನಂಬಿದವನ ಬಾಯಿಂದಲೇ ಅದನ್ನು ಕೇಳಬೇಕು ಎನ್ನುತ್ತಾನೆ ಮಿಲ್.

ಹೀಗೆನ್ನುವವನೇ ಮೊದಲನೆಯ ಅಧ್ಯಾಯದಲ್ಲಿ ಬಾಗಿಲಿಗೊಂದು ಹೊಸ್ತಿಲು ಕಟ್ಟಿದ್ದಾನೆ. ಈ ತತ್ತ್ವ ಮಕ್ಕಳಿಗೆ ಸಲ್ಲದು. ಇನ್ನೂ ಪ್ರೌಢವಾಗದ ಜನಾಂಗಗಳಿಗೂ ಸಲ್ಲದು. ಅವರ ಏಳಿಗೆಯೇ ಗುರಿಯಾಗಿದ್ದರೆ ನಿರಂಕುಶಾಧಿಕಾರವೂ ನ್ಯಾಯವೇ! 1823ರಿಂದ 1858ರವರೆಗೆ ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿದ್ದನು. ಇಂಡಿಯಾವನ್ನು ಕಣ್ಣಾರೆ ಕಂಡವನಲ್ಲ. ‘ಅದು ಆ ಕಾಲದ ದೋಷ’ ಎಂದು ಸಮಾಧಾನ ಹೇಳುವವರುಂಟು. ನನಗದು ಒಪ್ಪಿಗೆಯಿಲ್ಲ. ತಪ್ಪದವರು ಯಾರೂ ಇಲ್ಲವೆಂಬುದೇ ಎರಡನೆಯ ಅಧ್ಯಾಯದ ಅಡಿಗಲ್ಲು. ಹಾಗಾದರೆ ಒಂದು ಜನಾಂಗ ಪ್ರೌಢವಾಯಿತೆಂದು ಪ್ರಮಾಣಪತ್ರ ಕೊಡುವವರಾರು? ಅಧಿಕಾರ ಕೈಯಲ್ಲಿರುವವನೇ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದವನೇ. ದೋಷ ಕಾಲದ್ದಷ್ಟೇ ಅಲ್ಲ, ತರ್ಕದ್ದು.

ತನ್ನ ದೇಶದಲ್ಲಿಯೂ ಅವನು ಇಂಥದೇ ಹೊಸ್ತಿಲಿಟ್ಟನು. ಓದು, ಬರಹ, ಲೆಕ್ಕ ಬಾರದವರಿಗೆ ಮತವಿರಬಾರದು, ವಿದ್ಯಾವಂತರಿಗೆ ಒಂದಕ್ಕಿಂತ ಹೆಚ್ಚು ಮತಗಳಿರಬೇಕು ಎಂಬುದು ಪ್ರಾತಿನಿಧಿಕ ಸರ್ಕಾರವನ್ನು ಕುರಿತ ಅವನ 1861ರ ಗ್ರಂಥದ ವಾದ. ಹಾಗೆಂದು ಅವನನ್ನು ಸಂಕುಚಿತನೆಂದು ತಳ್ಳಿಬಿಡುವುದೂ ಸುಲಭವಲ್ಲ. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು 1867ರಲ್ಲಿ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ಮಂಡಿಸಿ, 73 ಮತಗಳನ್ನಷ್ಟೇ ಪಡೆದು ಸೋತವನೂ ಅವನೇ.

ಅವನಿಗೆ ತಕ್ಕ ಉತ್ತರ ಬಂದದ್ದು ಪಂಡಿತರಿಂದಲ್ಲ. 1951ರ ಜನಗಣತಿಯಂತೆ ಇಂಡಿಯಾದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ಹದಿನೆಂಟು ಮಂದಿ. ಸಂವಿಧಾನವಾದರೋ 1950ರಲ್ಲಿಯೇ, ಅಕ್ಷರದ ಮಾತೆತ್ತದೆ, ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ ಮತವನ್ನಿತ್ತಿತ್ತು. 1951–52ರ ಚುನಾವಣೆಯಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳನ್ನಿಟ್ಟು, ಅವುಗಳ ಮೇಲೆ ಜೋಡೆತ್ತು ಮೊದಲಾದ ಗುರುತುಗಳನ್ನು ಅಂಟಿಸಿದ್ದರು. ಹೆಸರು ಓದಲು ಬಾರದವರೂ ತಮಗೆ ಬೇಕಾದ ಪೆಟ್ಟಿಗೆಯನ್ನು ಗುರುತಿಸಿ ಚೀಟಿ ಹಾಕಿ ಬಂದರು.

ಗ್ರಂಥವನ್ನು ಹೊಸದಾಗಿ ಓದುವವರು ಎರಡನೆಯ ಅಧ್ಯಾಯದಿಂದ ತೊಡಗುವುದು ಲೇಸು. ಹಿಂದಿರುಗಿ ಮೊದಲನೆಯದಕ್ಕೆ ಬಂದು ಆ ಹೊಸ್ತಿಲನ್ನು ಎಡವುವ ಹೊತ್ತಿಗೆ, ಕೇಳಬೇಕಾದ ಪ್ರಶ್ನೆಯನ್ನು ಮಿಲ್ಲನೇ ಕಲಿಸಿಕೊಟ್ಟಿರುತ್ತಾನೆ.